ಮೂವತ್ತನೆಯ ನಿಮಿಷ

ಮನಾಮಾದ ಸೂಕಿನಲ್ಲಿ, ಚಿನ್ನದಂಗಡಿಗಳ ಬೆನ್ನಿಗೆ,
ಇಬ್ಬರು ನಿಂತರೆ ಮೂರನೆಯವನು ಬೀದಿಗೆ ಬೀಳುವಂಥ ಅಂಗಡಿ.
ಗೋಡೆ ತುಂಬ ಕ್ಯಾಸೆಟ್ಟು. ನನ್ನ ಕೆಲಸ
ಒಂದರಿಂದ ಇನ್ನೊಂದು ಮಾಡುವುದು,
ಅದರಿಂದ ಮತ್ತೊಂದು.

ಇಂಗ್ಲಿಷು ಬರುತ್ತಿರಲಿಲ್ಲ.
ಉಪ್ಪಿನಂಗಡಿಯಲ್ಲಿ ಆರನೆಯದಕ್ಕೇ ಶಾಲೆ ಬಿಟ್ಟವನು.
ಹಾಡಿನ ಹೆಸರನ್ನು ಲೇಬಲ್ಲಿಗೆ ಇಳಿಸುವುದೆಂದರೆ
ಮದರಂಗಿ ಇಟ್ಟ ಹಾಗೆ,
ಗೆರೆ ನೋಡಿ ಗೆರೆ ಎಳೆಯುವುದು.
ಅಕ್ಷರ ತಿರುಗಾಮುರುಗಾ ಬಿದ್ದರೂ
ಯಾರೂ ದುಡ್ಡು ವಾಪಸು ಕೇಳಲಿಲ್ಲ.

ಎರಡು ಪಟ್ಟು ವೇಗದಲ್ಲಿ ಓಡುತ್ತಿತ್ತು ಯಂತ್ರ.
ಹಾಗಾಗಿ ಆ ಕಾಲದ ದೊಡ್ಡದೊಡ್ಡ ಗಾಯಕರೆಲ್ಲ
ನನ್ನ ಕಿವಿಗೆ ಇಲಿಮರಿಗಳು.
ಡ್ರಮ್ಮೆಂದರೆ ತಗಡಿನ ಮೇಲೆ ಚೆಲ್ಲಿದ ಹೆಸರುಕಾಳು.
ಪೋಸ್ಟರಿನಲ್ಲಿ ಸಿಂಹದ ಹಾಗೆ ಕೂದಲು ಬಿಟ್ಟು ನಿಂತವನು
ಡೆಕ್ಕಿನೊಳಗೆ ಚೀಂವ್ ಚೀಂವ್.

ಧಣಿಯ ಅಪ್ಪಣೆ: ಅರವತ್ತು ನಿಮಿಷದ ಟೇಪೇ ಸಾಕು,
ತೊಂಬತ್ತರದಕ್ಕೆ ರೇಟು ಜಾಸ್ತಿ.
ಬದಿಗೆ ಏಳು ಹಾಡು. ಏಳನೆಯದು ಹಿಡಿಸುವುದಿಲ್ಲ.
ಬಿ ಬದಿಯಲ್ಲಿ ಅವಳು ಉಸಿರೆಳೆದುಕೊಂಡು
ಬಾಯಿ ತೆರೆಯುವಷ್ಟರಲ್ಲಿ
ಟಕ್.
ಗುಂಡಿ ಮೇಲೆದ್ದಿತು.

ಸೇತುವೆ ಆದಮೇಲೆ ಗುರುವಾರ ರಾತ್ರಿ
ಖೋಬರಿನಿಂದ ಕಾರಿನ ಹಿಂದೆ ಕಾರು.
ಒಬ್ಬೊಬ್ಬನಿಗೆ ಹತ್ತು, ಇಪ್ಪತ್ತು.
ಆ ಮುಕ್ಕಾಲು ಹಾಡು ಎಷ್ಟು ಮನೆ ಹೊಕ್ಕಿತೋ,
ಎಷ್ಟು ಮಂದಿ ಮರಳಿನ ನಡುವೆ ಒಬ್ಬೊಬ್ಬರೇ ಗಾಡಿ ಓಡಿಸುತ್ತ
ಆ ಎಳೆದುಕೊಂಡ ಉಸಿರಿನಲ್ಲೇ ಸಿಕ್ಕಿಕೊಂಡರೋ
ನನಗೆ ಗೊತ್ತಿಲ್ಲ.

ತಿರುಗಿ ಬಂದು ಕೇಳಿದವಳು ಒಬ್ಬಳೇ.
ಸಲ್ಮಾನಿಯಾ ಆಸ್ಪತ್ರೆಯ ಫಿಲಿಪೀನಿ ನರ್ಸು,
ಹೆಸರು ಲುಜ್ವಿಮಿಂಡಾ, ನನ್ನ ನಾಲಗೆಗೆ ಲೂಸಿ.
ರಾತ್ರಿ ಪಾಳಿ ಮುಗಿಸಿ ಬಂದಿದ್ದಳು,
ಬಿಳಿ ಷೂ ಮೇಲೆ ಅಯೋಡಿನ್ನಿನ ಕಲೆ.
ಮಿಸ್ಟರ್ ಇಸ್ಬೂ, ಅಂದಳು,
ಅಂಗೈಯಿಂದ ಗಾಳಿಯನ್ನು ಕತ್ತರಿಸಿ ತೋರಿಸಿದಳು:
ಇಲ್ಲಿ. ಇಲ್ಲಿಂದ ಮುಂದೆ?

ಬುಕ್ರಾ, ಅಂದೆ. ನಾಳೆ.
ಅರಬಿಯಲ್ಲಿ ನಾನು ಮೊದಲು ಕಲಿತದ್ದೇ ಆ ಶಬ್ದ.
ಮೂರು ಸಲ ಬಂದಳು. ಮೂರು ಬುಕ್ರಾ.
ಮಾಸ್ಟರ್ ಟೇಪಿನಲ್ಲೂ ಅಷ್ಟೇ ಇತ್ತು ಅಂತ
ಹೇಗೆ ಹೇಳಲಿ? ದುಬೈಯಿಂದ ಬಂದದ್ದು,
ಅಲ್ಲೂ ನನ್ನಂಥವನೊಬ್ಬ
ಅರವತ್ತು ಸಾಕು ಅಂದ ಧಣಿಯ ಕೈಕೆಳಗೆ.

ಆಮೇಲೆ ಯುದ್ಧ ಬಂತು, ಸಿಡಿ ಬಂತು.
ಒಂದು ದಿನ ಪೊಲೀಸರು ಬಂದು
ಗೋಡೆಯನ್ನೇ ಬಿಚ್ಚಿ ಟ್ರಕ್ಕಿಗೆ ತುಂಬಿದರು.
ಅಂಗಡಿಯಲ್ಲೀಗ ಮೊಬೈಲಿನ ಕವರು.
ನಾನು ಯಾರದೋ ಮಕ್ಕಳನ್ನು ಶಾಲೆಗೆ ಬಿಡುವ ಡ್ರೈವರು.

ಮೊನ್ನೆ ಗುದೈಬಿಯಾದ ಸೂಪರ್ ಮಾರ್ಕೆಟ್ಟಿನಲ್ಲಿ
ಬೂತಾಯಿಯ ರೇಟು ನೋಡುತ್ತ ನಿಂತಿದ್ದೆ.
ತಲೆಯ ಮೇಲಿನ ಸ್ಪೀಕರಿನಿಂದ ಅದೇ ಹಾಡು.
ಮೊದಲು ಗುರುತು ಹತ್ತಲಿಲ್ಲ. ಅಷ್ಟು ನಿಧಾನ.
ಇಲಿಮರಿ ಹೆಂಗಸಾಗಿತ್ತು,
ಹೆಂಗಸಿಗೆ ಒಂಚೂರು ನೆಗಡಿ ಇದ್ದಂತಿತ್ತು.
ನನ್ನ ಹೆಬ್ಬೆರಳು ತಾನಾಗಿ
ಟ್ರಾಲಿಯ ಹಿಡಿಯ ಮೇಲೆ ಗುಂಡಿ ಹುಡುಕಿತು.
ಉಸಿರೆಳೆದುಕೊಂಡಳು.

ಟಕ್ ಆಗಲಿಲ್ಲ.

ಹಾಡಿದಳು. ಒಂದು ಸಾಲು. ಅದೇ ಸಾಲು. ಮತ್ತೂ ಅದೇ.
ಹಿಂದೆ ಎಲ್ಲೋ ವಾಲಗದಂಥದೊಂದು ಪೀಪಿ.
ಏನೋ ಸಿಡಿಯುತ್ತದೆ, ಯಾರೋ ಬರುತ್ತಾರೆ,
ಮೂವತ್ತೈದು ವರ್ಷ ಹಾಗೆಂದುಕೊಂಡಿದ್ದೆ.
ಕೊನೆಯೆಂಬುದೇ ಇರಲಿಲ್ಲ ಅದಕ್ಕೆ.
ಹಾಡುತ್ತ ಹಾಡುತ್ತ ಹಿಂದೆ ಸರಿದಳು,
ಹೊಳೆ ದಾಟುವ ದೋಣಿಯಲ್ಲಿ ಕೂತು
ಇನ್ನೂ ಏನೋ ಹೇಳುತ್ತಿರುವವರ ಹಾಗೆ:
ಬಾಯಿ ಆಡುತ್ತದೆ, ಕೇಳುವುದಿಲ್ಲ.

ಆಮೇಲೆ ಟೊಮೆಟೊ ಬೆಲೆ ಇಳಿದ ಘೋಷಣೆ, ಮೂರು ಭಾಷೆಯಲ್ಲಿ.

ಎಷ್ಟು ಕೊಡಲಿ ಕಾಕಾ, ಅಂದ ಮೀನಿನ ಹುಡುಗ,
ಎರಡನೆಯ ಸಲ ಇರಬೇಕು.
ಒಂದು ಕಿಲೋ ಅಂದುಬಿಟ್ಟೆ.
ಒಬ್ಬನಿಗೆ ಅರ್ಧ ಸಾಕಿತ್ತು.