ತುಸು ಕೊಳೆ

ಮೂವತ್ತೊಂದು ವರ್ಷದಿಂದ ಕೂದಲು ಕತ್ತರಿಸುವವನಿಗೇ
ತೊಟ್ಟಿಯೊಳಗೆ ಕೂದಲು ಹುಟ್ಟಬೇಕೆ?
ಇಡೀ ಕರ್ಷಿಯಾಕಾ ನಕ್ಕಿತು.
ದೋಣಿ ತಪ್ಪೀತೆಂದು ಅರ್ಧ ಗಡ್ಡಕ್ಕೇ ಎದ್ದು ಓಡುವವರೂ
ಒಂದು ಗಳಿಗೆ ನಿಂತು ನಕ್ಕು ಹೋದರು.

ಕನ್ನಡಿಯ ಪಕ್ಕದಲ್ಲೇ ಇದೆ,
ಇನ್ನೂರ ನಲವತ್ತು ಲೀಟರು ಉಪ್ಪುನೀರು.
ಕಿಟಕಿಯಾಚೆ ಕೊಲ್ಲಿಯ ತುಂಬ ಪುಕ್ಕಟೆ ಸಮುದ್ರ;
ನಾನು ಉಪ್ಪನ್ನು ಚೀಲದಲ್ಲಿ ಕೊಂಡು ತಂದು ಕದಡುತ್ತೇನೆ.
ಹೆಂಡತಿ ಇದನ್ನು ಎಲ್ಲರೆದುರೂ ಹೇಳುತ್ತಾಳೆ.

ಮೊದಲು ಬಂದದ್ದು ಹಸಿರು.
ಕಲ್ಲಿನ ಅಂಚಿಗೆ ಎಳೆ ಹುಡುಗನ ಮೀಸೆಯಷ್ಟು,
ವಾರ ಕಳೆಯುವುದರಲ್ಲಿ ಹವಳದ ಕೊರಳು ಸುತ್ತಿತು.
ಒಂದು ಕುಚ್ಚು ಕಿತ್ತು ಮೇಲೆತ್ತಿದೆ.
ನೀರು ಬಿಟ್ಟೊಡನೆ ಜೋತು ಬಿತ್ತು, ಒದ್ದೆ ತಲೆಯ ಹಾಗೆ.
ಗರಿ ಗರಿಯಾಗಿ ಸೆಟೆದು ನಿಂತಿದ್ದರೆ ಬೇರೆ ಜಾತಿ, ಬೇರೆ ಮದ್ದು.
ಇದು ಬರೀ ಕೂದಲು.
ಕೂದಲಾದರೆ ನನಗೇನು ಹೊಸದೆ?

ಬೆರಳಿಗೆ ಸುತ್ತಿ ಸುತ್ತಿ ಕಿತ್ತೆ.
ಗಾಜಿಗೆ ಬ್ಲೇಡು, ಕಲ್ಲಿಗೆ ಹಲ್ಲುಜ್ಜುವ ಬ್ರಷ್ಷು,
ಮೀನಿಗೆ ದಿನಕ್ಕೊಂದು ಚಿಟಿಕೆ, ಆಮೇಲೆ ದಿನ ಬಿಟ್ಟು ದಿನ.
ಫಾಸ್ಫೇಟು ಹೀರುವ ಕಂದು ಹರಳು ಸುರಿದೆ.
ನೀರು ಹೊತ್ತೂ ಹೊತ್ತೂ ಶಿಷ್ಯ ಓರ್ಹುನ್ ಸೊಂಟ ಹಿಡಿದುಕೊಂಡ.
ಪರೀಕ್ಷೆಯ ನಳಿಕೆ ಬೆಳಕಿಗೆ ಹಿಡಿದರೆ ಬಣ್ಣವೇ ಏರಲಿಲ್ಲ.
ನೈಟ್ರೇಟು ಸೊನ್ನೆ. ಫಾಸ್ಫೇಟು ಸೊನ್ನೆ.
ಅವತ್ತು ಅಂಗಡಿಗೆ ಬಂದವರಿಗೆಲ್ಲ ಚಹಾ ನನ್ನ ಲೆಕ್ಕ.

ಹನ್ನೊಂದನೇ ದಿನ
ಮರಳ ಮೇಲೆ ಕಂದು ಲೋಳೆ.
ಯಾರೋ ಮೂಗು ಒರೆಸಿ ಬಿಟ್ಟಂತೆ ಎಳೆ ಎಳೆ,
ಎಳೆಯ ತುದಿಗೊಂದು ಗುಳ್ಳೆ.
ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಉಂಟು,
ದೀಪ ಆರಿಸಿದರೆ ಮತ್ತೆ ಮಾಯ.
ಒರೆಸಿದೆ, ಬಂತು.
ಹೀರಿ ತೆಗೆದೆ, ಎರಡರಷ್ಟು ಬಂತು.
ಬಸವನಹುಳುಗಳು ಒಂದೊಂದೇ ಅಂಗಾತ ಬಿದ್ದವು.
ಎತ್ತಿ ಮೂಸಿದ ಓರ್ಹುನ್ ಅವತ್ತು ಊಟ ಮಾಡಲಿಲ್ಲ.

ಮೊಮ್ಮಗನ ತಲೆ ಮಾಡಿಸಲು ಬಂದ ಫೆರಿಹಾ ಹಾನಿಮ್
ಚಿಪ್ಪುಮೀನಿನ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ
ಹನಿಯೊಳಗಿನ ಜೀವ ಎಣಿಸಿ ನಿವೃತ್ತಳಾದಾಕೆ.
ಖಾಲಿ ಅತ್ತರಿನ ಶೀಶೆ ಕೇಳಿ ತೊಳೆದಳು, ಲೋಳೆ ತುಂಬಿ ಕುಲುಕಿದಳು,
ಗಿರಾಕಿಯ ಕೊರಳಿಗೆ ಸುತ್ತುವ ಕಾಗದದಲ್ಲೇ ಸೋಸಿದಳು.
ತಿಳಿಯಾದ ನೀರನ್ನು ದೀಪದಡಿ ಇಟ್ಟು, ಕಾಯಿರಿ ಎಂದಳು.
ಹುಡುಗನ ಒಂದು ಕಿವಿಯ ಸುತ್ತ ಮುಗಿದಿರಲಿಲ್ಲ,
ಜಗಳವಾಡಿ ಹೋದ ನೆಂಟರು ಊಟದ ಹೊತ್ತಿಗೆ ಕೂಡಿದಂತೆ
ಶೀಶೆಯ ತಳದಲ್ಲಿ ಮತ್ತೆ ಎಳೆ.

ಮರುದಿನ ಸೂಕ್ಷ್ಮದರ್ಶಕ ತಂದಳು.
ಕಣ್ಣಿಟ್ಟೆ:
ಎಳ್ಳುಕಾಳಿನಂಥವು, ಗೂಟಕ್ಕೆ ಕಟ್ಟಿದ ಕರುವಿನಂತೆ
ಒಂದೇ ದಾರದ ಸುತ್ತ ಸುತ್ತುತ್ತಿದ್ದವು, ಸುತ್ತುತ್ತಲೇ ಇದ್ದವು.
ಚೆಂದವಿದ್ದವು, ಸುಳ್ಳು ಯಾಕೆ.

"ನೀರನ್ನು ಇಷ್ಟು ತಿಕ್ಕಬಾರದು ಉಸ್ತಾದ್.
ಪಾಪದ ಪಾಚಿ ಹಸಿದು ಸತ್ತಿತು,
ಹಸಿವಿಗೆ ಹೆದರದವು ಖಾಲಿ ಮನೆ ಹೊಕ್ಕವು."

ಕಂದು ಹರಳು ತೆಗೆಸಿದಳು. ಮೂರು ದಿನ ತೊಟ್ಟಿಗೆ ಕಂಬಳಿ.
ಇವು ನೀರಿಗೇಳುವ ರಾತ್ರಿಗೆ ನೇರಳೆ ದೀಪದ ಕೊಳವೆ.
ತಿಂಗಳ ಕಾಲ ನೀರು ಬದಲಿಸುವ ಹಾಗಿಲ್ಲ,
ಮೀನಿಗೆ ಎರಡು ಹೊತ್ತು ಊಟ, ನೈಟ್ರೇಟು ಹನಿ ಹನಿಯಾಗಿ,
ಬೊರ್ನೊವಾದ ಗೆಳೆಯನ ಗಲೀಜು ತೊಟ್ಟಿಯಿಂದ ಒಂದು ಹಿಡಿ ಮರಳು.
ಇಬ್ಬರು ಗಿರಾಕಿಗಳ ನಡುವೆ ನೆಲ ಗುಡಿಸದಿದ್ದರೆ
ಉಸಿರು ಕಟ್ಟುವವನು ನಾನು.
ಆ ಮರಳು ಸುರಿಯಲು ಕೈಯೇ ಬರಲಿಲ್ಲ;
ಓರ್ಹುನ್ ಸುರಿದ.

ಏಳು ವಾರ ಹಿಡಿಯಿತು.
ಎರಡು ಹವಳ ಉಳಿಯಲಿಲ್ಲ, ಅದರಲ್ಲೊಂದು ನನಗೆ ಇಷ್ಟವಾದದ್ದು.
ಈಗ ಹೊಸ ಬಸವನಹುಳುವೊಂದು
ಹಿಂಬದಿಯ ಗಾಜಿನ ತೆಳು ಹಸಿರನ್ನು ಅಂಕುಡೊಂಕಾಗಿ ಮೇಯುತ್ತಿದೆ,
ಮೊದಲ ಸಲ ಮೆಷಿನ್ ಹಿಡಿದ ಓರ್ಹುನನ ಕೆಲಸದಂತೆ.
ತಿದ್ದಲು ಹೋಗಿಲ್ಲ ನಾನು.