ಎಡಗಣ್ಣಿನ ಹಳದಿ

ಗೆರಾಂದ್‌ನ ಉಪ್ಪಿನ ಮಡಿಗಳ ನಡುವೆ
ಜೇಡಿಮಣ್ಣಿನ ಬದುವಿನ ಮೇಲೆ
ಆರು ಈಸೆಲ್‌ಗಳು, ಒಂದು ಫ್ಲಾಸ್ಕು.
ಇನ್ನೂ ಏಳು ಗಂಟೆ.
"ಬಿಳಿ ಟ್ಯೂಬುಗಳನ್ನೆಲ್ಲ ಇತ್ತ ಕೊಡಿ" ಎಂದಳು ಸ್ವಾಜಿಗ್.
ಪರೀಕ್ಷೆಯಲ್ಲಿ ಚೀಟಿ ಸಿಕ್ಕಿಬಿದ್ದ ಹುಡುಗರಂತೆ ಕೊಟ್ಟೆವು.
ಏಪ್ರನ್ನಿನ ಜೇಬಿಗಿಳಿಸಿ ಗುಂಡಿ ಹಾಕಿಕೊಂಡಳು.
"ಈಗ ಆ ಉಪ್ಪಿನ ಗುಡ್ಡೆ ಬರೆಯಿರಿ."

ಅಂಚೆ ಕಚೇರಿಯಿಂದ ನಿವೃತ್ತನಾದ ಗ್ವೆನೊಲೆ ಗೊಣಗಿದ:
ಹಾಲಿಲ್ಲದೆ ಹೆಪ್ಪು ಹಾಕಿ ಅಂದ ಹಾಗಾಯ್ತು.

ಅವಳು ನಗಲಿಲ್ಲ.
"ಬೆಳ್ಳಗಿರುವುದೆಲ್ಲ ಹಾಲಲ್ಲ,
ಉಪ್ಪಂತೂ ಬೆಳ್ಳಗೇ ಇಲ್ಲ.
ಉಪ್ಪು ಅಂದುಕೊಂಡ ಕೂಡಲೆ
ನಾಲಿಗೆ ನೋಡತೊಡಗುತ್ತದೆ, ಕಣ್ಣು ಮಲಗುತ್ತದೆ.
ಹೆಸರು ಬಿಡಿ.
ಬಿಸಿಲು ಬಿದ್ದ ಕಡೆ ಯಾವ ಬಣ್ಣ, ಬೀಳದ ಕಡೆ ಯಾವುದು,
ಅಷ್ಟು ಹೇಳಿ, ಸಾಕು.
ತೆಳ್ಳಗೆ ಹಚ್ಚಿ. ಉಳಿದದ್ದನ್ನು ಬಟ್ಟೆ ನೋಡಿಕೊಳ್ಳುತ್ತದೆ."

ಬಿಸಿಲ ಮಗ್ಗುಲು ಏಪ್ರಿಕಾಟಿನ ಸಿಪ್ಪೆ.
ತುದಿಯಲ್ಲಿ ಒಂದಿಷ್ಟು ಗುಲಾಬಿ, ಮೀನಿನ ಕಿವಿರಿನದು.
ನೆರಳು?
ಒಬ್ಬ ಬೂದು ಎಂದ, ಒಬ್ಬಳು ಕಂದು.
ನಾನು ನೀಲಿ ಹಚ್ಚಿದ್ದೆ,
ಕಪ್ಪೆಚಿಪ್ಪಿನ ಒಳಗಿರುತ್ತದಲ್ಲ, ಅಂಥದು.
ಹಚ್ಚಿ, ಹೆದರಿ, ಅರ್ಧ ಒರೆಸಿದ್ದೆ.

ಅಷ್ಟರಲ್ಲಿ ಎರ್ವಾನ್ ಕೈಗಾಡಿ ತಳ್ಳಿಕೊಂಡು ಬಂದ.
ನಿನ್ನೆ ಸಂಜೆ ಎಳೆದು ಗುಡ್ಡೆ ಹಾಕಿದ್ದು,
ಇವತ್ತು ಸಾಗಿಸಬೇಕು, ಅವನ ಕೆಲಸ ಅವನಿಗೆ.
"ಬೇಗ ಬೇಗ" ಎನ್ನುತ್ತ ಸಲಿಕೆ ಇಳಿಸಿದ.
ಬಿಸಿಲಿನ ಕಡೆಯಿಂದಲೇ ಶುರುಮಾಡಿದ.

ಸ್ವಾಜಿಗ್ ನನ್ನ ಬೆನ್ನ ಹಿಂದೆ ಬಂದು ನಿಂತಳು,
ಕೈಯಲ್ಲಿ ಬಣ್ಣ ಕೆರೆಯುವ ಚಾಕು.
ಬಲಗಣ್ಣು ಮುಚ್ಚಿ ನೋಡಿದಳು.
ಎಡಗಣ್ಣು ಮುಚ್ಚಿ ನೋಡಿದಳು.
ಮತ್ತೆ ಬಲಗಣ್ಣು.

"ಮಾರ್ಚಿನಲ್ಲಿ ಬಲಗಣ್ಣಿನ ಪೊರೆ ತೆಗೆದರು" ಎಂದಳು,
ನಮಗಲ್ಲ, ಗುಡ್ಡೆಗೆ ಹೇಳುವಂತೆ.
"ಎಡಗಣ್ಣಿಗೆ ಇದು ಈಗಲೂ ಚಹಾದಲ್ಲಿ ಅದ್ದಿದ ಸಕ್ಕರೆ.
ಬಲಗಣ್ಣಿಗೆ..."
ಮುಂದಿನದನ್ನು ಹೇಳಲಿಲ್ಲ.

ಆಮೇಲೆ ಬೇರೆಯದೇ ಹೇಳಿದಳು.
ಮೈವೆನ್ ಅಂತ ಒಬ್ಬ ಹುಡುಗಿ, ಹದಿನಾರು ವರ್ಷ,
ಇದೇ ಬದುವಿನ ಮೇಲೆ ಕೂತು
ನೆರಳಿಗೆಲ್ಲ ನೀಲಿ ಬಳಿಯುತ್ತಿದ್ದಳು.
ಸುಳ್ಳು ಬರೆಯಬೇಡ ಎಂದು ಮೂರು ಕ್ಯಾನ್ವಾಸ್ ಕೆರೆದೆ.
ನಾಲ್ಕನೆಯದನ್ನು ಅವಳು ತರಲಿಲ್ಲ.
ಲೋರಿಯಾನಿನಲ್ಲಿದ್ದಾಳಂತೆ, ಬಂದರಿನ ಕಚೇರಿಯಲ್ಲಿ.

ಯಾರೂ ಮಾತಾಡಲಿಲ್ಲ.
ಗ್ವೆನೊಲೆ ಮಾತ್ರ, ಅಂಚೆಯವನಲ್ಲವೆ,
"ವಿಳಾಸ ಇದೆಯಾ?" ಎಂದ.

ಚಾಕುವನ್ನು ಏಪ್ರನ್ನಿಗೆ ಒರೆಸಿಕೊಂಡಳು,
ಅದರಲ್ಲಿ ಬಣ್ಣವೇ ಇರಲಿಲ್ಲ.
"ಒರೆಸಿದ್ದನ್ನ ಮತ್ತೆ ಹಾಕು" ಎಂದಳು ನನಗೆ, "ಬೇಗ."

ಎರ್ವಾನನ ಗಾಡಿ ಮೂರನೆಯ ಸಲ ತುಂಬಿತ್ತು.
ಗುಡ್ಡೆಯಲ್ಲಿ ಉಳಿದದ್ದು ನೆರಳಿನ ಮಗ್ಗುಲೊಂದೇ.
ಅದಕ್ಕೂ ಸಲಿಕೆ ಹಾಕುತ್ತಿದ್ದ.