ಹನ್ನೊಂದೂ ನಲವತ್ತರ ಗಾಡಿ ಹೋದ ಮೇಲೆ

ರೀಗಾ ಕಡೆಯ ಕೊನೆಯ ಗಾಡಿ ಹೋದ ಮೇಲೆ
ಗೇಟು ಎತ್ತಿ, ಕೈದೀಪ ಮೊಳೆಗೆ ಸಿಕ್ಕಿಸಿ
ಮೆಟ್ಟಿಲ ಮೇಲೆ ಕೂರುತ್ತೇನೆ.
ಜೂನ್ ತಿಂಗಳು. ಇಲ್ಲಿ ಇರುಳೆಂದರೆ
ಸೋಸಿದ ಹಾಲೊಡಕಿನ ಬಣ್ಣ.
ಹೊತ್ತು ಮುಳುಗಿದ್ದೂ ಪೂರ್ತಿ ಮುಳುಗದೆ
ಹೊಲದಂಚಿಗೆ ಆತುಕೊಂಡಿರುತ್ತದೆ.

ಆಗ ಶುರು ಅದರದು,
ಕಾಲುವೆ ಪಕ್ಕ, ಎದೆಮಟ್ಟ ಬೆಳೆದ ತುರಚೆ ಪೊದೆಯೊಳಗಿಂದ.
ಮೊದಲು ಅಂಬರಗುಬ್ಬಿ. ಬೆನ್ನಿಗೇ ಗುಬ್ಬಚ್ಚಿಗಳ ಜಗಳ.
ಜಗಳ ತೀರುವ ಮುನ್ನ ನೆಲಗುಬ್ಬಿ,
ಆಮೇಲೆ ಎಣ್ಣೆ ಕಾಣದ ಸೈಕಲ್ ಚಕ್ರದಂಥ ಏನೋ ಒಂದು.
ಉಸಿರು ಯಾವಾಗ ಎಳೆದುಕೊಳ್ಳುತ್ತದೋ ದೇವರೇ ಬಲ್ಲ.
ಕಡ್ಡಿ ಅಲುಗಿತೆಂದು ಕಣ್ಣು ನೆಟ್ಟರೆ
ಹಾಡು ಪಕ್ಕದ ಕಡ್ಡಿಯಲ್ಲಿ.

ಕೇಳಿದೆ ಊರವರನ್ನು.
"ನೈಟಿಂಗೇಲು, ಇನ್ನೇನು?" ಎಂದ ತಾಲಿವಾಲ್ದಿಸ್,
ಜೇನುಪೆಟ್ಟಿಗೆಗೆ ಕಿವಿಯಿಟ್ಟೇ ಅರ್ಧ ಕಿವುಡಾದವನು.
ಔಸ್ಮಾ ಟೀಚರು ಎರಡು ರಾತ್ರಿ ಬಂದು ಕೂತರು,
ಸ್ವೆಟರ್ ಹೊದ್ದು, ಮಡಿಲಲ್ಲಿ ನೋಟುಪುಸ್ತಕ.
ಬರೆದರು ಹದಿನೇಳು ಹಕ್ಕಿಗಳ ಹೆಸರು
ಒಂದರ ಕೆಳಗೊಂದು, ಹಾಜರಿ ಪಟ್ಟಿಯ ಹಾಗೆ.
"ಎಲ್ಲ ಬಂದಿದ್ದಾರೆ," ಅಂದರು ಪೆನ್ನಿಗೆ ಮುಚ್ಚಳ ಹಾಕುತ್ತ,
"ಹಾಜರಿ ಕೂಗುತ್ತಿರುವವನೇ ಪಟ್ಟಿಯಲ್ಲಿಲ್ಲ."
ಹದಿನೇಳರ ಕೆಳಗೆ ಒಂಬತ್ತು ಪ್ರಶ್ನೆಚಿಹ್ನೆ:
ಇಲ್ಲಿಯ ಯಾವ ಗಂಟಲಿಗೂ ಹೊಂದದ ಸದ್ದುಗಳು.

ಓಯಾರ್ಸ್ ಬಂದದ್ದು ಬೆಂಕಿಪೊಟ್ಟಣಕ್ಕೆ.
ಇಪ್ಪತ್ತೆರಡು ವರ್ಷ ಹಡಗಿನ ಎಂಜಿನ್ನಿನ ಹೊಟ್ಟೆಯೊಳಗೆ ದುಡಿದವನು,
ಹಕ್ಕಿಪಕ್ಕಿ ಅವನಿಗೆ ಯಾವ ಲೆಕ್ಕ.
ಕಡ್ಡಿ ಗೀರಿದ. ಸಿಗರೇಟಿಗೆ ಮುಟ್ಟಿಸಲಿಲ್ಲ.
ಬೆರಳು ಸುಡುವತನಕ ಹಾಗೇ ನಿಂತ.
"ಇದು, ಈಗ ಕೂಗಿತಲ್ಲ, ಇದು ಮೊಂಬಾಸಾದ್ದು."
ಹಡಗು ಕೆಟ್ಟು ಎರಡು ತಿಂಗಳು ಅಲ್ಲೇ ಬಿದ್ದಿದ್ದಾಗ
ಗೋದಾಮಿನ ಹಿಂದೆ ಮುಳ್ಳುಜಾಲಿಯಂತೆ, ಮೇಯುವ ದನವಂತೆ,
ದನದ ಬೆನ್ನ ಮೇಲೆ ಮಸಿಗಪ್ಪು ಹಕ್ಕಿಯಂತೆ,
ಬಾಲ ಮೀನಿನದರಂತೆ ಸೀಳಿದ್ದು,
ಕಾಗೆಯನ್ನೂ ಅಟ್ಟಿಸಿಕೊಂಡು ಹೋಗುತ್ತಿತ್ತಂತೆ.
ಹೆಸರು?
"ಕೇಳಲಿಲ್ಲ. ಆಗ ನಂಗೆ ಮಲೇರಿಯಾ.
ಬೆಳಗಾದರೆ ಕಿಟಕಿಗೆ ಬಂದು ಬೈಯುತ್ತಿತ್ತು, ಏಳು ಏಳು ಅಂತ."

ಅವನು ಹೋದ, ಪೊಟ್ಟಣ ಮರೆತು.
ನಾನು ಲೆಕ್ಕ ಹಾಕುತ್ತ ಕೂತೆ:
ಹೆಬ್ಬೆಟ್ಟಿನಷ್ಟು ಒಡಲು. ಅಷ್ಟು ದೂರ.
ಮಡಿಲಿಲ್ಲ, ಮೂಟೆಯಿಲ್ಲ, ಬರೀ ಗಂಟಲಲ್ಲಿ ಕಟ್ಟಿ ತಂದದ್ದು,
ಯಾವ ಗಡಿಯಲ್ಲೂ ಯಾರೂ ಬಿಚ್ಚಿಸದ ಗಂಟು.
ಯಾರಿಗೆ ತೋರಿಸಲು?
ಪೊದೆಯ ಆ ಬದಿ ಒಂದು ಹೆಣ್ಣು ಕೂತಿದ್ದೀತು.
ಅವಳೂ ಹೋಗಿಬಂದವಳೇ,
ಆ ಜಾಲಿ ಅವಳಿಗೂ ಗೊತ್ತು.

ನಾನು ಗಾಡಿಯವರೊಡನೆ ರಷ್ಯನ್, ಊರವರೊಡನೆ ಲಾಟ್ವಿಯನ್.
ಬೋಗಿ ಎಣಿಸುವಾಗ ಮಾತ್ರ ಲಾಟ್ಗಾಲೆಯ ಅಜ್ಜಿಯ ನುಡಿ.
ಕತ್ತಲಲ್ಲಿ ಹಳಿ ಎಡವಿದರೆ ಬಾಯಿಗೆ ಯಾವುದು ಬಂದೀತೋ
ಎಡವಿದ ಮೇಲೇ ತಿಳಿಯುವುದು.

ಯಾನಿ ಹಬ್ಬದ ಬೆಂಕಿ ಆರಿದ ವಾರ ಹಾಡು ನಿಂತಿತು,
ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗೆ.
ಮೊನ್ನೆ ಇಲಾಖೆಯ ಕಾಗದ:
ಹಳಿಯಿಂದ ಆರು ಮೀಟರು ಗಿಡಗಂಟಿ ತೆಗೆಯತಕ್ಕದ್ದು.
ಕೈಚೀಲ ತೊಟ್ಟು ಕುಡುಗೋಲು ಹಿಡಿದು ಇಳಿದೆ.
ಎರಡು ಹಿಡಿ ಕೊಯ್ದಿರಬೇಕು, ಬುಡದಿಂದ

ಚಕ್.

ಒಂದೇ ಒಂದು. ಒಣಕಲು, ಮಣ್ಣುಬಣ್ಣದ ಸದ್ದು.
ಹದಿನೇಳರಲ್ಲಿಲ್ಲ, ಒಂಬತ್ತರಲ್ಲಿಲ್ಲ.
ಕೊಯ್ದ ಎರಡು ಹಿಡಿಯನ್ನು ಇದ್ದಲ್ಲೇ ಒರಗಿಸಿಟ್ಟು
ಮೆಲ್ಲಗೆ ಹಿಂದೆ ಬಂದೆ.

ಇಲಾಖೆಗೆ ಬರೆದಿದ್ದೇನೆ:
ನೆಲ ಹಸಿ, ಈಗಾಗದು.
ಆಗಸ್ಟ್ ಕಳೆಯಲಿ.